ಗೆರೆಯಿಲ್ಲದ ಜಿರಳೆ ಮತ್ತು ನಮ್ಮ ಅಕ್ಕಾರು

ಅವರ ಬಲ ಹುಬ್ಬಿನ ಹೊರತುದಿಯಲ್ಲಿ ಕೂದಲಿರಲಿಲ್ಲ. ವರ್ಷಗಟ್ಟಲೆ ಸೂಕ್ಷ್ಮದರ್ಶಕದ ರಬ್ಬರ್ ಅಂಚಿಗೆ ಕಣ್ಣೊತ್ತಿ ಅಲ್ಲಿಯ ಚರ್ಮ ಮಗುವಿನ ಗಲ್ಲದಂತೆ ನುಣ್ಣಗಾಗಿತ್ತು. ಹೊಸ ವಿದ್ಯಾರ್ಥಿಗಳು ಅತ್ತ ನೋಡಿಯೂ ನೋಡದಂತೆ ಮಾಡಿದರೆ ತಾವೇ ಬೆರಳಿಟ್ಟು ತೋರಿಸುತ್ತಿದ್ದರು. ಕನ್ನಡದವರಾದರೆ ಹೇಳುತ್ತಿದ್ದರು: "ಹುಳ ತಿಂದಿಲ್ಲ ಇದನ್ನ. ಹುಳ ನೋಡಿ ನೋಡಿ ಹೋಗೇತಿ."

ಧಾರವಾಡದವರು. ಜರ್ಮನಿಯ ನೆಕಾರ್ ನದಿಯ ದಂಡೆಯ ಒಂದು ಊರಿನಲ್ಲಿ ಕೀಟಶಾಸ್ತ್ರವನ್ನು ಮೊದಲ ಸಲ ಕಲಿಯುವವರಿಗೆ ಪ್ರಾಯೋಗಿಕ ತರಗತಿ ನಡೆಸುತ್ತಿದ್ದರು. ಜರ್ಮನ್ ಹುಡುಗರಿಗೆ ಅವರು 'ಫ್ರೌ ಡಾಕ್ಟರ್'. ಅಲ್ಲಿದ್ದ ನಾಲ್ಕಾರು ಕನ್ನಡದವರಿಗೆ 'ಅಕ್ಕಾರು'. ಉತ್ತರ ಕರ್ನಾಟಕದಲ್ಲಿ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ ಎಂಬುದನ್ನು ಮೈಸೂರಿನವಳಾದ ನಾನು ಕಲಿತದ್ದು ಜರ್ಮನಿಯಲ್ಲಿ.

ಮೊದಲ ತರಗತಿಯಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದು ಗಾಜಿನ ತಟ್ಟೆ, ಅದರಲ್ಲಿ ಒಂದು ಸತ್ತ ಕೀಟ. ಕಂದು ಮೈ, ಹಳದಿ ಪಟ್ಟೆ, ಎದೆಯ ಮೇಲೆ ರೋಮ. ಎಲ್ಲರೂ ಜೇನುನೊಣ ಎಂದು ಬರೆದೆವು. ಅಕ್ಕಾರು ಹಾಳೆಗಳನ್ನು ಒಟ್ಟುಮಾಡಿ, ರೆಕ್ಕೆ ಎಣಿಸಿ ಎಂದರು. ಜೇನಿಗೆ ನಾಲ್ಕು ರೆಕ್ಕೆ. ಇದಕ್ಕೆ ಎರಡೇ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಗುಬುಟು. ಅಂದರೆ ಇದು ಜೇನಲ್ಲ, ಜೇನಿನ ವೇಷದ ನೊಣ.

"ನೊಣ ಗುರು ಇದು! ಹೋಯ್ತು ಮಗಾ ಮಾರ್ಕ್ಸು," ಎಂದು ನನ್ನ ಪಕ್ಕ ಕೂತಿದ್ದ ಬೆಂಗಳೂರಿನ ಕಿರಣ್ ಪಿಸುಗುಟ್ಟಿದ.

"ಮಾರ್ಕ್ಸ್ ಹೋಗಲಿ ಬಿಡೋ, ಕಣ್ಣು ಬಂತಲ್ಲ," ಎಂದರು ಅಕ್ಕಾರು, ಹಿಂದಿನಿಂದ.

ಅವರ ನಿಯಮ ಒಂದೇ. ಚಿತ್ರ ಮೊದಲು, ಹೆಸರು ಕೊನೆಗೆ. ತಲೆ, ಎದೆ, ಹೊಟ್ಟೆ ಬರೆಯಬೇಕು. ಎದೆಯ ಮೂರು ಖಂಡ ಬೇರೆ ಬೇರೆ ಕಾಣಬೇಕು. ಒಂದೊಂದು ಖಂಡಕ್ಕೆ ಒಂದೊಂದು ಜೊತೆ ಕಾಲು ಅಂಟಿರುವುದನ್ನು ತೋರಿಸಬೇಕು. ಹೆಸರು ಸರಿಯಿದ್ದು ಚಿತ್ರವಿಲ್ಲದಿದ್ದರೆ ಸೊನ್ನೆ. ಚಿತ್ರ ಸರಿಯಿದ್ದು ಹೆಸರು ತಪ್ಪಿದ್ದರೆ ಅರ್ಧಕ್ಕಿಂತ ಹೆಚ್ಚು ಅಂಕ. ಗೆದ್ದಲು ಇರುವೆಯ ಬಳಗವಲ್ಲ, ಜಿರಳೆಯ ಮನೆತನದ್ದು ಎಂದು ಹೇಳಿ, ನಾವು ನಂಬದೆ ನಕ್ಕಾಗ, ಸುಮ್ಮನೆ ಗೆದ್ದಲು, ಜಿರಳೆ ಎರಡನ್ನೂ ಲೆನ್ಸಿನ ಕೆಳಗಿಟ್ಟು ಹೊರಗೆ ಹೋಗಿ ಚಹಾ ಕುಡಿದು ಬಂದರು. ನನ್ನನ್ನು ಕರೆಯುತ್ತಿದ್ದುದು ಊರಿನ ಹೆಸರಿನಿಂದ. "ಏ ಮೈಸೂರು, ನಿನ್ನ ಮಾತಿನಂಗ ಚಿಮಟಾನೂ ಮೆತ್ತಗ ಹಿಡೀತಿಯಲ್ಲ. ಗಟ್ಟಿ ಹಿಡಿ. ಅದೇನ್ ಅಳೂದಿಲ್ಲ."

ಎರಡನೆಯ ವರ್ಷ ನಾನು ಅವರ ತರಗತಿಗೆ ಸಹಾಯಕಿಯಾದೆ. ಆ ಆಗಸ್ಟ್‌ನಲ್ಲಿ ಅವರಿಗೊಂದು ಫೋನ್ ಬಂತು. ಬಾಗಲಕೋಟೆಯ ಒಬ್ಬ ಎಂಜಿನಿಯರು. ಅಬ್‌ಸ್ಟಾಟ್ ಎಂಬ ಊರಿನ ಕಡೆ ಕಾರಿನ ಬ್ರೇಕಿನ ಕೆಲಸ, ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಬಾಡಿಗೆ ಮನೆ. ಅವರ ಹೆಂಡತಿ ಶಿಲ್ಪಾ ಯಾವುದೋ ಯುಗಾದಿ ಕೂಟದಲ್ಲಿ ಅಕ್ಕಾರನ್ನು ಕಂಡಿದ್ದಳು. ಹುಳದ ಅಕ್ಕಾರು ಎಂದು ನೆನಪಿಟ್ಟುಕೊಂಡಿದ್ದಳು.

ಅವರಿದ್ದ ಕಟ್ಟಡದ ಮನೆಗಳ ಉಸ್ತುವಾರಿ ನೋಡುವ ಹೌಸ್‌ಫೆರ್ವಾಲ್ಟುಂಗ್‌ನವರು ಕೆಳಗೆ ಟಪಾಲು ಪೆಟ್ಟಿಗೆಗಳ ಪಕ್ಕದ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಎರಡನೆಯ ಮಹಡಿಯಲ್ಲಿ ಜಿರಳೆ ಇವೆ, ಎಲ್ಲರೂ ಆಹಾರ ಮುಚ್ಚಿಡಿ ಎಂದು. ಎರಡನೆಯ ಮಹಡಿ ಎಂದಷ್ಟೇ ಬರೆದಿದ್ದರೆ ಸಾಲದಾಗಿತ್ತೋ ಏನೋ, ಆ ಕುಟುಂಬದ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಹಾಕಿದ್ದರು. ಜೊತೆಗೆ ಒಂದು ಎಚ್ಚರಿಕೆಯ ಪತ್ರ: ಇದು ಮುಂದುವರಿದರೆ ಮನೆ ಖಾಲಿ ಮಾಡಬೇಕಾಗುತ್ತದೆ. ಆಗಿದ್ದು ಇಷ್ಟೇ. ಕೆಳಗಿನ ಮನೆಯಾಕೆ ತನ್ನ ಬಾಲ್ಕನಿಯಲ್ಲಿ ಒಂದು ಕಂದು ಹುಳವನ್ನು ಕಂಡು ಫೋಟೋ ತೆಗೆದು ಕಳಿಸಿದ್ದಳು. ಅವಳ ಮೇಲಿನ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಇವೆರಡರ ನಡುವೆ ಯಾರೂ ಹುಳವನ್ನು ಸರಿಯಾಗಿ ನೋಡಿರಲಿಲ್ಲ.

ಅಕ್ಕಾರು ತಮ್ಮ ಸ್ವಂತದ ಹಳೆಯ ಸೂಕ್ಷ್ಮದರ್ಶಕವನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಚಕ್ರದ ಪೆಟ್ಟಿಗೆಯಲ್ಲಿಟ್ಟರು. ರೈಲು, ಆಮೇಲೆ ಬಸ್ಸು. ಪೆಟ್ಟಿಗೆಯನ್ನು ಎಳೆಯಲು ನನಗೆ ಕೊಡಲಿಲ್ಲ. ಹತ್ತಿಸುವಾಗ ಮಾತ್ರ ಕೈ ಹಾಕಲು ಬಿಟ್ಟರು.

ಆ ಅಡುಗೆಮನೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಔಷಧಿ ಹೊಡೆಯುವವನು ಆಗಲೇ ಬಂದು ಹೋಗಿದ್ದ. ಮೂಲೆಗಳಲ್ಲಿ ಬಿಳಿಯ ಅಂಟು, ಗಂಟಲು ಕೆರೆಯುವ ವಾಸನೆ. ಕಪಾಟುಗಳು ಬರಿದಾಗಿದ್ದವು. ಎಲ್ಲ ಆಹಾರ ಎಸೆಯಿರಿ ಎಂದಿದ್ದರಂತೆ. ಶಿಲ್ಪಾ ಜೋಳದ ಹಿಟ್ಟು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಊರಿನಿಂದ ಅವ್ವ ಕಟ್ಟಿ ಕಳಿಸಿದ್ದ ಕೆಂಪು ಖಾರ ಎಲ್ಲವನ್ನೂ ಚೀಲಕ್ಕೆ ತುಂಬಿ ಕಸದ ಡಬ್ಬಿಗೆ ಹಾಕಿ ಬಂದಿದ್ದಳು. ಮೇಜಿನ ಮೇಲೆ ಬೋರಲು ಹಾಕಿದ ಒಂದು ಸ್ಟೀಲ್ ಲೋಟ ಮಾತ್ರ ಇತ್ತು. ಕಿಟಕಿಯಲ್ಲಿ ಹಿಡಿದ ಹುಳ ಅದರ ಕೆಳಗಿತ್ತು.

ಅಕ್ಕಾರು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕರೆದರು: "ಶಿಲ್ಪಾ, ನೀ ಬಾ. ತಲಿ ಕಾಣೂದಿಲ್ಲ, ಮ್ಯಾಲೊಂದು ಗುರಾಣಿಯಂಗ ಐತಿ, ಹೌದಿಲ್ಲೋ? ಅದು ಎದಿಯ ಮೊದಲ್ನೇ ಖಂಡದ ಹೊದಿಕಿ. ಅದರ ಮ್ಯಾಲ ಏನ್ ಕಾಣ್ತೈತಿ?"

ಶಿಲ್ಪಾ ಬಗ್ಗಿ ನೋಡಿದಳು. "ಏನಿಲ್ರಿ. ಚಹಾದ ಬಣ್ಣ. ಅಂಚು ಗಾಜಿನಂಗ ಐತ್ರಿ."

"ಕಪ್ಪು ಗೆರಿ?"

"ಇಲ್ರಿ ಅಕ್ಕಾರ. ಒಂದೂ ಇಲ್ಲ."

"ಮನಿಯೊಳಗ ಸಂಸಾರ ಹೂಡೋ ಜಿರಳಿಗೆ ಅಲ್ಲೇ ಎರಡು ಕಪ್ಪು ಗೆರಿ ಇರ್ತಾವ. ಇದು ಕಾಡಿಂದು. ಬೆಳಕು ಕಂಡು ಹಾರಿ ಬರತೈತಿ, ನಿನ್ನ ಮನ್ಯಾಗ ತಿನ್ನಾಕ ಏನೂ ಸಿಗದ ಸಾಯತೈತಿ. ಕೊಳೆತ ಎಲಿ ಬೇಕು ಇದಕ್ಕ."

ಶಿಲ್ಪಾ ತಲೆ ಎತ್ತಲಿಲ್ಲ. ಕಣ್ಣನ್ನು ಅಲ್ಲಿಯೇ ಒತ್ತಿಕೊಂಡು ಅಳುತ್ತಿದ್ದಳು.

ಉಸ್ತುವಾರಿಯವನು ಹೇಳಿದ ವೇಳೆಗೆ ಬಂದ. ಶೂ ಬಿಚ್ಚಲಿಲ್ಲ. ಅಕ್ಕಾರು ಜರ್ಮನ್‌ನಲ್ಲಿ, ತರಗತಿಯಲ್ಲಿ ಹೇಳುವಷ್ಟೇ ನಿಧಾನವಾಗಿ ಎಲ್ಲ ಹೇಳಿ, ಕುರ್ಚಿ ಎಳೆದು, "ದಯವಿಟ್ಟು ಒಮ್ಮೆ ನೋಡಿ," ಎಂದರು.

"ನೋಡುವ ಅಗತ್ಯವಿಲ್ಲ. ಫೋಟೋ ನೋಡಿದ್ದೇನೆ."

"ಫೋಟೋದಲ್ಲಿ ಗೆರೆ ಇದೆಯೇ?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ಇಲ್ಲಿ ಬೇಯಿಸುವ ರೀತಿ ಎಲ್ಲರಿಗೂ ಗೊತ್ತು, ಫ್ರೌ ಡಾಕ್ಟರ್. ಯಾವ ಜಿರಳೆಯಾದರೇನು?"

"ಗೆರೆಯಿರುವ ಆ ಮನೆಜಿರಳೆಯನ್ನು ನಮ್ಮ ಶಾಸ್ತ್ರದಲ್ಲಿ ಜರ್ಮನ್ ಜಿರಳೆ ಎಂದೇ ಕರೆಯುತ್ತಾರೆ. ಅದು ಇವರ ಅಡುಗೆಯಿಂದ ಹುಟ್ಟಿದ್ದಲ್ಲ. ಅದು ಈ ಮನೆಯಲ್ಲಿಯೂ ಇಲ್ಲ. ಈ ಹುಳ ಇರುವುದು ನಿಮ್ಮ ಬೇಲಿಗಿಡದ ಬುಡದಲ್ಲಿ. ಬನ್ನಿ, ತೋರಿಸುತ್ತೇನೆ."

ಶಿಲ್ಪಾಳ ಗಂಡ ನಡುವೆ ಬಂದರು. "ಹೋಗ್ಲಿ ಬಿಡ್ರಿ ಅಕ್ಕಾರ. ಸಿಟ್ಟಿಗೆದ್ರ ಕಷ್ಟ. ನಾವು ಇಲ್ಲೇ ಇರಬೇಕಲ್ರಿ."

"ಇರಬೇಕಲಾ? ಅದಕ್ಕ ಬಿಡಬಾರದು."

ಸೂಕ್ಷ್ಮದರ್ಶಕದ ದೀಪ ಉರಿಯುತ್ತಿತ್ತು. ಕುರ್ಚಿ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅವನು ಸೊಂಟ ಬಗ್ಗಿಸಿದ್ದರೆ ಸಾಕಿತ್ತು. ಬಗ್ಗಲಿಲ್ಲ. ಗಡಿಯಾರ ನೋಡಿಕೊಂಡು, ವರದಿ ಇದ್ದರೆ ಬರೆದು ಕಳಿಸಿ ಎಂದು ಹೊರಟುಹೋದ. ಹದಿನೆಂಟು ವರ್ಷದ ಹುಡುಗರು ತಪ್ಪು ಬರೆದು, ಮತ್ತೆ ನೋಡಿ, ನಾಚಿ ತಿದ್ದಿಕೊಳ್ಳುವುದನ್ನು ನಾನು ಪ್ರತಿ ವಾರ ಕಾಣುತ್ತಿದ್ದೆ. ತಿಳಿಯದವರ ಮೇಲೆ ನನಗೆ ಸಿಟ್ಟಿಲ್ಲ. ತಿಳಿಯುವುದು ಅಷ್ಟು ಹತ್ತಿರವಿದ್ದಾಗ ಗಡಿಯಾರ ನೋಡಿಕೊಂಡವನ ಮೇಲಿದೆ.

ಅಕ್ಕಾರು ಚಿತ್ರ ಸಮೇತ ವರದಿ ಬರೆದು ಕಳಿಸಿದರು. ಎಚ್ಚರಿಕೆಯನ್ನು ಹಿಂಪಡೆದಿದ್ದೇವೆ ಎಂದು ಒಂದೇ ಸಾಲಿನ ಉತ್ತರ ಬಂತು. ಬೋರ್ಡಿನ ಹಾಳೆಯೂ ಮಾಯವಾಯಿತು. ಅದು ಅಕ್ಕಾರಿಗೆ ಸಾಲಲಿಲ್ಲ. ಹೆಸರು ಹಾಕಿ ಹೇಳಿದ ಸುಳ್ಳನ್ನು ಹೆಸರು ಹಾಕಿಯೇ ತಿದ್ದಬೇಕು, ಅದೇ ಬೋರ್ಡಿನಲ್ಲಿ, ಎಂದು ಮತ್ತೆ ಬರೆದರು. ಬಾಡಿಗೆದಾರರಲ್ಲಿ ಅನಗತ್ಯ ಗೊಂದಲವಾಗುತ್ತದೆ ಎಂದು ಉಸ್ತುವಾರಿಯವರು ಒಪ್ಪಲಿಲ್ಲ. ಅಕ್ಕಾರು ಮತ್ತೆ ಬರೆದರು. ಉತ್ತರ ಬರುವುದು ನಿಂತಿತು.

ಆ ದಿನಗಳಲ್ಲಿ ನಮ್ಮವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಬುದ್ಧಿಮಾತುಗಳನ್ನು ಇಲ್ಲಿ ಹೇಳಲೇಬೇಕು. ಸುಮ್ಮನೆ ಕ್ಷಮೆ ಕೇಳಿ ಮುಗಿಸಿ. ಒಂದು ಬಾಕ್ಸ್ ಸ್ವೀಟ್ ಕೊಡಿ, ಸರಿಹೋಗ್ತಾರೆ. ಚಿಮಣಿ ಹಾಕದೆ ಒಗ್ಗರಣೆ ಯಾಕೆ ಹಾಕ್ತೀರಿ. ಇಂಥವರಿಂದ ನಮ್ಮೆಲ್ಲರ ಹೆಸರು ಕೆಡುತ್ತೆ. ಅಕ್ಕಾರು ನನ್ನ ಫೋನಿನಲ್ಲಿ ಇದನ್ನೆಲ್ಲ ಒಂದೊಂದಾಗಿ ಓದಿ ಫೋನು ವಾಪಸು ಕೊಟ್ಟರು.

"ಇಷ್ಟು ಮಂದ್ಯಾಗ ಒಬ್ಬನಾದರೂ, ಹುಳ ಯಾವ್ದು ಅಂತ ಕೇಳ್ಯಾನೇನು ನೋಡು."

ಯಾರೂ ಕೇಳಿರಲಿಲ್ಲ.

ನಾವು ಮತ್ತೊಮ್ಮೆ ಹೋದಾಗ ಶಿಲ್ಪಾ ಕಿಟಕಿಗಳ ಸಂದಿಗೆಲ್ಲ ಟೇಪ್ ಅಂಟಿಸಿಕೊಂಡಿದ್ದಳು. ಸೆಕೆಯಲ್ಲಿ ಒಗ್ಗರಣೆಯಿಲ್ಲದ ಅನ್ನ ಸಾರು ಮಾಡಿದ್ದಳು. ಬೇರೆ ಮನೆ ನೋಡುತ್ತಿದ್ದೇವೆ ಎಂದಳು. ಎಚ್ಚರಿಕೆಯನ್ನು ಹಿಂಪಡೆದಿದ್ದೇವೆ ಎಂದು ಅವರೇ ಬರೆದುಕೊಟ್ಟಿದ್ದಾರಲ್ಲ, ಮತ್ತೇಕೆ ಎಂದರು ಅಕ್ಕಾರು.

"ಅಕ್ಕಾರ, ಅದರ ಬೆನ್ನ ಮ್ಯಾಲ ಗೆರಿ ಇಲ್ಲ ಅನ್ನೂದು ನಂಗ ಗೊತ್ತು, ನಿಮಗ ಗೊತ್ತು. ಕೆಳಗಿನ ಮನಿಯಾಕಿಗೆ ಗೊತ್ತಿಲ್ಲ. ನಾ ದಿನಾ ಮೆಟ್ಟಲಾ ಇಳಿಯೂದು ಆಕಿ ಬಾಗಿಲ ಮುಂದಾಸಿ."

ದೀಪಾವಳಿಗೆ ಮೊದಲೇ ಆ ಕುಟುಂಬ ಮನೆ ಖಾಲಿ ಮಾಡಿ ದೂರದ ವೋಲ್ಫ್ಸ್‌ಬುರ್ಗ್‌ಗೆ ಹೋಯಿತು.

ಅದೇ ಚಳಿಗಾಲದಲ್ಲಿ ಅಕ್ಕಾರ ಹೊಟ್ಟೆಯಲ್ಲಿ ಗಡ್ಡೆ ಇರುವುದು ತಿಳಿಯಿತು. ತಡವಾಗಿತ್ತು. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕುಳಿತರೆ ತರಗತಿಯ ವಿಷಯ ಕೇಳುತ್ತಿದ್ದರು. ಈ ವರ್ಷ ಎಷ್ಟು ಮಂದಿ ನೊಣವನ್ನು ಜೇನು ಎಂದರು ಎಂದು ಕೇಳಿ ನಗುತ್ತಿದ್ದರು. ಕೊನೆಯ ಸಲ ಕೇಳಿದ್ದು ಬೇರೆ. "ಹಚ್ಚಿದರೇನು?" ಬೋರ್ಡಿನಲ್ಲಿ ತಿದ್ದುಪಡಿಯ ಹಾಳೆ ಅಂಟಿಸಿದರೇ ಎಂದು. ಇಲ್ಲ ಎಂದೆ. ಗೋಡೆಯ ಕಡೆ ಹೊರಳಿದರು. ವಸಂತ ಬರುವ ಮೊದಲೇ ಹೋದರು.

ಮುಂದಿನ ಆಗಸ್ಟ್‌ನಲ್ಲಿ, ಅದೇ ಬೀದಿಯಲ್ಲಿರುವ ಒಬ್ಬ ಕನ್ನಡಿಗರು ನನಗೊಂದು ಫೋಟೋ ಕಳಿಸಿದರು. ಆ ಎರಡನೆಯ ಮಹಡಿಗೆ ಜರ್ಮನ್ ದಂಪತಿ ಬಂದಿದ್ದರು. ಅವರ ಅಡುಗೆಮನೆಯ ಕಿಟಕಿಗೂ ಹುಳ ಬಂದಿತ್ತು. ಅವರು ದೂರಿದ್ದರು. ಬೋರ್ಡಿನಲ್ಲಿ ಹೊಸ ಹಾಳೆ: ಪ್ರಿಯ ನಿವಾಸಿಗಳೇ, ಬೇಸಿಗೆಯಲ್ಲಿ ಒಂದು ಸಣ್ಣ ಕಂದು ಕೀಟ ಒಳಗೆ ಬರಬಹುದು. ಇದು ನಿರುಪದ್ರವಿಯಾದ ಕಾಡಿನ ಜಿರಳೆ. ಎದೆಯ ಮೊದಲ ಖಂಡದ ಹೊದಿಕೆಯ ಮೇಲೆ ಕಪ್ಪು ಗೆರೆಗಳಿಲ್ಲದಿರುವುದೇ ಇದರ ಗುರುತು. ಆತಂಕ ಬೇಡ, ಕಿಟಕಿ ತೆರೆದು ಹೊರಗೆ ಬಿಡಿ. ಹುಳದ ಬಗೆಗಿನ ವಾಕ್ಯಗಳು ಅಕ್ಕಾರ ವರದಿಯವು, ಒಂದಕ್ಷರ ಬದಲಾಗದೆ. ಚಿತ್ರವೂ ಅವರ ಕೈಯದೇ. ಯಾರ ಹೆಸರೂ ಇರಲಿಲ್ಲ. ಹುಳ ಬಂದ ಮನೆಯವರ ಹೆಸರನ್ನಂತೂ ಹಾಕಿರಲಿಲ್ಲ.

ನಾನು ರೈಲು ಹಿಡಿದು, ಬಸ್ಸು ಹಿಡಿದು ಹೋದೆ. ಬೋರ್ಡಿನ ಹಾಳೆಯಲ್ಲಿ, ಚಿತ್ರದ ಕೆಳಗೆ ಅಕ್ಕಾರ ಹೆಸರು ಬರೆದೆ. ಅದರ ಕೆಳಗೆ ಶಿಲ್ಪಾಳ ಮನೆತನದ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಹೋದ ವರ್ಷ ಇವರ ಮನೆಯಲ್ಲಿ ಕಂಡದ್ದೂ ಇದೇ ಕೀಟ ಎಂದು ಸೇರಿಸಿದೆ. ಶಿಲ್ಪಾಳ ಕೆಳಗಿನ ಮನೆಯಾಕೆ ಬಾಗಿಲು ತೆರೆದು, ಮೆಟ್ಟಿಲ ಮೇಲಿಂದಲೇ, ಅಲ್ಲಿ ಏನು ಬರೆಯುತ್ತಿದ್ದೀರಿ ಎಂದು ಕೇಳಿದರು.

"ಬಂದು ಓದಿ," ಎಂದೆ.

ಕನ್ನಡಕ ಒಳಗಿದೆ ಎಂದರು.

"ತನ್ನಿ. ಕಾಯುತ್ತೇನೆ," ಎಂದೆ.