ಏರಿನಲ್ಲಿ ಸುಸ್ತಾಗುವ ಮೋಟಾರು

ನನ್ನ ಮೋಟಾರಿಗೆ ಬಂದ ಕಾಯಿಲೆಯ ದೊಡ್ಡ ಕಷ್ಟವೆಂದರೆ ಅದು ಪೂರ್ತಿ ಕಾಯಿಲೆಯಲ್ಲ ಎಂಬುದು. ಪೂರ್ತಿ ಕೆಟ್ಟದ್ದನ್ನು ರಿಪೇರಿ ಮಾಡಿಸಬಹುದು, ಇಲ್ಲವೇ ಅದರ ಆಸೆ ಬಿಡಬಹುದು. ಇದು ಮೊಳಕಾಲ್ಮೂರಿನಿಂದ ಹುರುಪಾಗಿ ಹೊರಟು, ಬಿ.ಜಿ. ಕೆರೆ ದಾಟಿ ಏರು ಸಿಕ್ಕಿದೊಡನೆ ಉಬ್ಬಸದವರ ಹಾಗೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಕೆಳಗಿಳಿದು ಅದನ್ನು ಇದನ್ನು ಮುಟ್ಟಿ ನೋಡಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಓಡುತ್ತಿತ್ತು. ವೈದ್ಯರು ನಾಡಿ ಹಿಡಿದ ಕೂಡಲೇ ಜ್ವರ ಬಿಡುವ ಮಕ್ಕಳಿರುತ್ತಾರಲ್ಲ, ಆ ಜಾತಿ.

ನಮ್ಮ ಸೀಮೆಯ ಮೋಟಾರುಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ನನ್ನದು ಯಾರೋ ಓಡಿಸಿ ಬಿಟ್ಟ ಹಳೆಯ ಕಾರು. ಹಿಂಭಾಗ ಕೊಯ್ಯಿಸಿ, ಹಲಗೆ ಬಡಿಸಿ, ಸಾಮಾನು ಸಾಗಿಸುವ ಗಾಡಿ ಮಾಡಿಸಿದ್ದೆ. ಮೊಳಕಾಲ್ಮೂರಿನ ನೇಕಾರರ ರೇಷ್ಮೆ ಸೀರೆಗಳನ್ನು ಚಳ್ಳಕೆರೆಗೆ ಒಯ್ಯುವುದು ಅದರ ಕೆಲಸ. ಓಡಿಸುವವರು ಇಮಾಮ್ ಸಾಬರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಪಕ್ಕದಲ್ಲಿ ಕೂತು ಸಲಹೆ ಕೊಡುವವನು ನಾನು. ಶಾಲೆಯಲ್ಲಿ ವಿಜ್ಞಾನ ಓದಿದ್ದೆನಾದ್ದರಿಂದ ಸಲಹೆಗೆ ಬರವಿರಲಿಲ್ಲ.

ಸಾಬರು ಕ್ರಮವಾಗಿ ಹೋದರು. ಪ್ಲಗ್ಗು ಬಿಚ್ಚಿ ಉಜ್ಜಿದರು. ಪೆಟ್ರೋಲು ಬರುವ ನಳಿಗೆಯನ್ನು ಬಾಯಲ್ಲಿ ಊದಿದರು. ನಮ್ಮ ಗಾಡಿಯ ಟ್ಯಾಂಕು ಸೀಟಿನ ಕೆಳಗೆ. ಪೆಟ್ರೋಲು ತಾನಾಗಿ ಇಳಿದು ಎಂಜಿನಿಗೆ ಹೋಗಬೇಕು. ಏರಿನಲ್ಲಿ ಮೂತಿ ಮೇಲಾದರೆ ಅದು ಇಳಿಯಲಾರದೆಂದು ಯೋಚಿಸಿ, ಗಾಡಿಯನ್ನು ತಿರುಗಿಸಿ ಹಿಂದುಹಿಂದಾಗಿಯೇ ಏರು ಹತ್ತಿಸಿದರು. ಎದುರಿನ ಎತ್ತಿನ ಗಾಡಿಯವರು ನಾವು ಬರುತ್ತಿದ್ದೇವೋ ಹೋಗುತ್ತಿದ್ದೇವೋ ತಿಳಿಯದೆ ಪಕ್ಕಕ್ಕೆ ಸರಿದು ನಿಂತರು. ಪ್ರತಿಯೊಂದು ಚಿಕಿತ್ಸೆಯೂ ಫಲಿಸುತ್ತಿತ್ತು, ಮಾರನೆಯ ದಿನದ ತನಕ.

"ಗಾಡಿಗೆ ಹೊಸ್ದಾಗಿ ಏನಾರ ಮಾಡೀರೇನ್ರಿ?" ಎಂದು ಸಾಬರು ಎರಡು ಸಲ ಕೇಳಿದರು.

"ನಾನೇನ್ ಮಾಡ್ಲಿ ಸಾಬ್ರೇ" ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಲೇ ಇಲ್ಲ.

ಎಂಜಿನಿನಲ್ಲಿ ದೋಷ ಕಾಣದಿದ್ದಾಗ ಅದನ್ನು ಓಡಿಸುವವನಲ್ಲಿ ಹುಡುಕುವುದು ಸುಲಭ. ತಿಂಗಳು ಕಳೆಯುವಷ್ಟರಲ್ಲಿ ನನ್ನ ಬುದ್ಧಿ ಆ ಕಡೆ ತಿರುಗಿತು. ಒಂದು ಬೆಳಿಗ್ಗೆ ಸೀರೆ ತರಲು ನೇಕಾರರ ನಾಗಮ್ಮನವರ ಮನೆಗೆ ಹೋಗುವಾಗ ಕೇಳಿಯೇಬಿಟ್ಟೆ: "ಪೆಟ್ರೋಲಿಗೆ ಸೀಮೆಣ್ಣೆ ಬೆರೆಸ್ತಿಲ್ಲ ತಾನೇ?"

ಸಾಬರು ನನ್ನ ಕಡೆ ನೋಡಲಿಲ್ಲ. "ಇವತ್ತಿನ ಗಂಟು ಚಳ್ಳಕೆರೆಗೆ ಮುಟ್ಟಿಸ್ತೀನಿ. ನಾಳಿಂದ ಬ್ಯಾರೇರ್ನ ನೋಡ್ಕಳ್ರಿ" ಎಂದರು. ನನಗೆ ಭಯವಾಯಿತು. ಆ ಗಾಡಿಯನ್ನು ಪಳಗಿಸಿದ್ದವರು ಅವರೊಬ್ಬರೇ. ಅದಕ್ಕಿಂತ ಹೆಚ್ಚಾಗಿ, ಅವರು ಸುಳ್ಳಾಡಿದ್ದನ್ನಾಗಲಿ ಮೋಸ ಮಾಡಿದ್ದನ್ನಾಗಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ನಾವು ಹೋದಾಗ ನಾಗಮ್ಮನವರ ಸೊಸೆ ಹೊಸ ಡಬ್ಬಿಯೊಂದಕ್ಕೆ ಒಂದೇ ತೂತು ಹೊಡೆದು ಕಡಲೆಕಾಯಿ ಎಣ್ಣೆ ಬಗ್ಗಿಸುತ್ತಿದ್ದಳು. ಎಣ್ಣೆ ಗೊಳಕ್ ಎಂದು ಬೀಳುವುದು, ನಿಲ್ಲುವುದು, ಮತ್ತೆ ಗೊಳಕ್ ಎನ್ನುವುದು. ನಾಗಮ್ಮ ಮಗ್ಗದ ಬಳಿಯಿಂದಲೇ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು: "ಅಮ್ಮಾಯಿ, ಇಂಕೋ ತೂತು ಹೊಡಿ. ಒಳಕ್ಕೆ ಗಾಳಿ ಹೋಗ್ದಿದ್ರೆ ಎಣ್ಣೆ ಹೆಂಗ್ ಬರ್ತೈತೆ?" ಸೊಸೆ ಇನ್ನೊಂದು ಕಡೆ ಮೊಳೆ ಹೊಡೆದಳು. ಎಣ್ಣೆ ನೂಲಿನಂತೆ ಇಳಿಯಿತು.

ನನಗೆ ನಮ್ಮ ಟ್ಯಾಂಕಿನ ಮುಚ್ಚಳ ನೆನಪಾಯಿತು. ಸೀರೆಗೆ ಪೆಟ್ರೋಲು ವಾಸನೆ ಹತ್ತುತ್ತದೆಂದು ಇದೇ ನಾಗಮ್ಮ ಹಿಂದೆ ದೂರಿದ್ದರು. ಟ್ಯಾಂಕಿನ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತೊಂದಿತ್ತು. ಯಾರೋ ದಡ್ಡ ಮಾಡಿದ ತೂತೆಂದುಕೊಂಡು, ಲಕೋಟೆಗೆ ಹಾಕುವ ಅರಗನ್ನು ಕರಗಿಸಿ ಅಂದವಾಗಿ ಮುಚ್ಚಿದ್ದೆ. ಎದ್ದು ಕಾಣದಿರಲೆಂದು ಮೇಲೆ ಮಸಿಯನ್ನೂ ಬಳಿದಿದ್ದೆ. ನೀರು ತುಂಬಿದ ಲೋಟಕ್ಕೆ ಕಾಗದ ಮುಚ್ಚಿ ಬೋರಲು ಹಿಡಿದು, ಗಾಳಿಯ ಒತ್ತಡದ ಮಹಿಮೆಯನ್ನು ಮನೆಮಂದಿಗೆಲ್ಲ ಬೋಧಿಸಿದ ಮಹಾಪಂಡಿತನೂ ನಾನೇ. ಸಾಬರು ಕೇಳಿದಾಗ ಇದು ನೆನಪಿಗೆ ಬಾರದ್ದಕ್ಕೆ ಕಾರಣವಿದೆ. ತಾನು ಮಾಡಿದ ಉಪಕಾರವನ್ನು ಯಾರೂ ದೋಷಗಳ ಪಟ್ಟಿಗೆ ಸೇರಿಸುವುದಿಲ್ಲ.

ಗಾಡಿ ನಿಂತಾಗಲೆಲ್ಲ ಸಾಬರು ಮೊದಲು ಮಾಡುತ್ತಿದ್ದುದು, ಮುಚ್ಚಳ ತೆಗೆದು ಕಡ್ಡಿ ಅದ್ದಿ ಪೆಟ್ರೋಲು ಎಷ್ಟಿದೆಯೆಂದು ನೋಡುವುದು. ಆಗ ಗಾಳಿ ಒಳಗೆ ಹೋಗುತ್ತಿತ್ತು, ರೋಗ ವಾಸಿಯಾಗುತ್ತಿತ್ತು, ಕೀರ್ತಿ ಮಾತ್ರ ಪ್ಲಗ್ಗಿಗೆ ಸಲ್ಲುತ್ತಿತ್ತು.

ನಾಗಮ್ಮನವರಿಂದ ಸೂಜಿ ಬೇಡಿ ತಂದು, ಸಾಬರ ಎದುರಿಗೇ ಅರಗನ್ನು ಕೆದಕಿ ತೆಗೆದು, ನಡೆದದ್ದನ್ನು ಹೇಳಿದೆ. ಅವರು ಮುಚ್ಚಳವನ್ನು ಬಿಸಿಲಿಗೆ ಹಿಡಿದು ತೂತಿನೊಳಗಿಂದ ಬೆಳಕು ನೋಡಿದರು. ಸೀರೆಯ ಗಂಟನ್ನು ಟ್ಯಾಂಕಿನಿಂದ ದೂರ, ಹಿಂದಿನ ಹಲಗೆಯ ಮೇಲೆ ಕಟ್ಟಿದೆವು. ಮೊದಲೇ ಮಾಡಬಹುದಾಗಿದ್ದ ಕೆಲಸ ಅದು.

ಬಿ.ಜಿ. ಕೆರೆ ದಾಟಿತು, ಏರು ಬಂತು. ನಾನು ಉಸಿರು ಬಿಗಿಹಿಡಿದು ಕೂತೆ. ಗಾಡಿ ಹತ್ತಿತು, ಮೂತಿ ಮುಂದಾಗಿಯೇ. ಎದೆಯ ಮೇಲಿಂದ ಭಾರ ಇಳಿದ ಹಾಗಾಯಿತು. ಆದರೆ ಅರಗಿನ ತಪ್ಪನ್ನಷ್ಟೇ ಒಪ್ಪಿಕೊಂಡಿದ್ದೆ, ಸೀಮೆಣ್ಣೆಯ ಮಾತಿನ ತಪ್ಪನ್ನಲ್ಲ. ಎಂಜಿನಿನ ಸದ್ದು ಕೊಂಚ ತಗ್ಗಿದರೆ ಮೆಲ್ಲಗೆ ಹೇಳಿ ಮುಗಿಸೋಣವೆಂದು ಕಾದೆ. ತಿಂಗಳಿಡೀ ಬೇಡಬೇಡವೆಂದರೂ ತಗ್ಗುತ್ತಿದ್ದ ಸದ್ದು ಅಂದು ತಗ್ಗಲೇ ಇಲ್ಲ.

"ತಪ್ಪಾತು ಸಾಬ್ರೇ" ಎಂದೆ.

"ಏನಂದ್ರಿ?"

"ನಾನಾಡಿದ್ ಮಾತು ತಪ್ಪಾತು, ನಾಳೆನೂ ಬರ್ರಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದವನು ತಿರುಗಿ ನೋಡಿದ.

ಸಾಬರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮೊದ್ಲೇ ಕೇಳಿಸಿತ್ತು ಬಿಡ್ರಿ" ಎಂದರು. ಏರಿನ ನೆತ್ತಿ ಮುಟ್ಟಿದ ಮೇಲೆ ಮತ್ತೆ ಹೇಳಿದರು: "ನಾಳೆ ಬ್ಯಾಗ ಹೊರಡಾನ. ಬಿಸ್ಲು ಜಾಸ್ತಿ ಐತೆ."