ದೇವರ ಛತ್ರಿಯಡಿ ನನ್ನ ಮಗಳು

ಅಂಕೋಲಾ ಪೇಟೆಗೆ ಹೋಗಿ ಬಂದು ಬೆಳಂಬಾರದಲ್ಲಿ ಬಸ್ಸಿಳಿದರೆ, ಊರ ಪಲ್ಲಕ್ಕಿಯ ಕೆಂಪು ರೇಷ್ಮೆ ಛತ್ರಿಯ ಕೆಳಗೆ ದೇವರಿಲ್ಲ, ನನ್ನ ಮೂರು ವರ್ಷದ ಮಗಳಿದ್ದಾಳೆ! ನೆರೆಮನೆಯ ನಾಗಮ್ಮಕ್ಕನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾಳೆ. ಛತ್ರಿ ಹಿಡಿಯುವ ವೆಂಕಟ ಪಕ್ಕದಲ್ಲಿ ಕಳ್ಳನ ಹಾಗೆ ನಿಂತಿದ್ದಾನೆ. ದೇವರು ಮಾವಿನಮರದ ಕಟ್ಟೆಯ ಮೇಲೆ ತಣ್ಣಗೆ ಕೂತಿದ್ದಾನೆ, ಪಲ್ಲಕ್ಕಿ ಹೊತ್ತವರು ಪಾನಕ ಕುಡಿಯುತ್ತಿದ್ದಾರೆ. ನಾಗಮ್ಮಕ್ಕನೂ ನಿಂತಿದ್ದ, ಆರತಿಗೆ ಬಂದ ಹೆಂಗಸರ ಸಾಲು ಮಾತ್ರ ಸುಡುಬಿಸಿಲಿನಲ್ಲಿ.

ಹಿಂದಿನ ವಾರವಷ್ಟೇ ಬಿಸಿಲು ತಾಗಿ ಮಗಳಿಗೆ ಜ್ವರ ಬಂದಿತ್ತು. ಹಾಗಾಗಿ ಬಿಸಿಲಿಗೆ ಬಿಡಬೇಡಿ ಎಂದು ಹತ್ತು ಸಲ ಹೇಳಿಯೇ ಅವಳನ್ನು ನಾಗಮ್ಮಕ್ಕನ ಹತ್ತಿರ ಬಿಟ್ಟು ಹೋಗಿದ್ದೆ. ಆದರೂ ದೇವರ ಛತ್ರಿಯನ್ನೇ ಹಿಡಿಸುತ್ತಾರೆಂದು ಎಣಿಸಿರಲಿಲ್ಲ. ಓಡಿಹೋಗಿ ಕೇಳಿದೆ:

"ಅಯ್ಯೋ ಅಕ್ಕಾ, ಅಪಚಾರ ಅಲ್ವಾ ಇದು?"

"ಎಂತಾ ಅಪಚಾರ ಮಾರಾಯ್ತಿ? ದೇವ್ರು ಮರದ ನೆರಳಲ್ಲೇ ಕೂತಾನೆ, ಅವ್ನಿಗೆ ಎರಡೆರಡು ನೆರಳು ಎಂತಕೆ? ಅವ್ನ ಸಿಟ್ಟಾದ್ರೂ ತಡ್ಕಳ್ಬಹುದು, ನಿನ್ ಬಾಯಿ ತಡ್ಕಳೂಕೆ ಆಗೂದಿಲ್ಲ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಗಳ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಅಷ್ಟರಲ್ಲಿ ಪಲ್ಲಕ್ಕಿ ಎದ್ದಿತು, ವೆಂಕಟ ಛತ್ರಿ ಹಿಡಿದು ದೇವರ ಹತ್ತಿರ ಓಡಿದ.

ಸಂಜೆ ತಪ್ಪುಕಾಣಿಕೆಯೆಂದು ಒಂದು ತೆಂಗಿನಕಾಯಿ ತೆಗೆದಿಟ್ಟೆ. ಆಮೇಲೆ ಯೋಚಿಸಿದರೆ ತಪ್ಪು ಎಲ್ಲಿ ಆಯಿತೆಂದೇ ಹೊಳೆಯಲಿಲ್ಲ. ಛತ್ರಿಯ ಬಾಡಿಗೆ ಎಂದು ಹೇಳಿಯೇ ಒಪ್ಪಿಸಿ ಬಂದೆ. ಈಗ ಮಗಳನ್ನು ಯಾರ ಹತ್ತಿರ ಬಿಟ್ಟರೂ ತಲೆಗೊಂದು ಟೊಪ್ಪಿ ಹಾಕಿಯೇ ಕಳಿಸುತ್ತೇನೆ. ದಿನಾ ಛತ್ರಿ ಕೇಳಿದರೆ ದೇವರಾದರೂ ಏನೆಂದುಕೊಂಡಾನು!