ನೋಡುವವರ ಮೇಲೆ ನನ್ನ ಸಿಟ್ಟು

ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಓಡಿಹೋಗಿ ನೋಡುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆಗುವುದಿಲ್ಲ ಅಂದರೆ ಸುಮ್ಮನೆ ಬೇಸರವಲ್ಲ, ಮೈಯೆಲ್ಲ ಉರಿಯುತ್ತದೆ. ನಾನು ಅಕ್ಕಲಕೋಟದಲ್ಲಿದ್ದುಕೊಂಡು ಸೋಲಾಪುರದ ಕಚೇರಿಯೊಂದರಲ್ಲಿ ಕಾರಕೂನಿಕೆ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ದಿನವೂ ಎಸ್.ಟಿ. ಬಸ್ಸಿನಲ್ಲಿ ಅಪ್-ಡೌನ್. ಈ ರಸ್ತೆಯಲ್ಲಿ ಎಷ್ಟು ಅಪಘಾತ ಆದವೋ ಲೆಕ್ಕ ಇಟ್ಟಿಲ್ಲ. ಆದರೆ ಪ್ರತಿ ಸಲವೂ ಬಸ್ಸಿನೊಳಗೆ ಏನಾಗುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಡ್ರೈವರ್ ಬ್ರೇಕ್ ಹಾಕುತ್ತಾನೆ. ಅಷ್ಟು ಹೊತ್ತು ಗೊರಕೆ ಹೊಡೆಯುತ್ತಿದ್ದವನಿಗೆ ತಕ್ಷಣ ಎಚ್ಚರವಾಗುತ್ತದೆ. ಬಲಗಡೆ ಕೂತವರೆಲ್ಲ ಎಡಗಡೆಯವರ ಮೈಮೇಲೆ ಬೀಳುತ್ತಾರೆ. ಸೊಂಟ ನೋವೆಂದು ಸೀಟಿಗಾಗಿ ಜಗಳ ಮಾಡಿದ ಹೆಂಗಸು ಎದ್ದು ನಿಂತು ಕತ್ತು ಉದ್ದ ಮಾಡುತ್ತಾಳೆ. ಮಗುವನ್ನು ಎತ್ತಿ ಕಿಟಕಿಗೆ ಹಿಡಿದು "ಬಘ, ಬಘ", ನೋಡು ನೋಡು, ಎಂದು ಮರಾಠಿಯಲ್ಲಿ ತೋರಿಸುವ ತಾಯಂದಿರನ್ನೂ ಕಂಡಿದ್ದೇನೆ. ಥೂ! ಚಂದಮಾಮನನ್ನು ತೋರಿಸುತ್ತಿದ್ದೀಯೇನವ್ವ ಎಂದು ಕೇಳಬೇಕು ಅನಿಸುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ. ಆಕೆ ನನ್ನನ್ನೇ ಹುಚ್ಚನ ಹಾಗೆ ನೋಡಿದಳು.

ನನಗೆ ಈ ಬುದ್ಧಿ ಕಲಿಸಿದ್ದು ನಮ್ಮಪ್ಪ. ಅವರೂ ಕಾರಕೂನರೇ. ಸಣ್ಣವನಿದ್ದಾಗ ಅವರ ಕೈಹಿಡಿದು ಸೋಲಾಪುರದ ಪೇಟೆಯಲ್ಲಿ ಹೋಗುವಾಗ ಒಮ್ಮೆ ಲಾರಿಯ ಕೆಳಗೆ ಯಾರೋ ಸಿಕ್ಕಿದ್ದರು. ನಾನು ತಿರುಗುವಷ್ಟರಲ್ಲಿ ಅಪ್ಪನ ಅಂಗೈ ನನ್ನ ಕಣ್ಣಿನ ಮೇಲಿತ್ತು. "ನೋಡಬಾರದು. ಛಲೋ ಮಂದಿ ನೋಡೂದಿಲ್ಲ," ಎಂದರು. ಆ ಓಣಿ ದಾಟುವವರೆಗೂ ಕೈ ತೆಗೆಯಲಿಲ್ಲ. ನಮ್ಮ ಮನೆತನದಲ್ಲಿ ಯಾರಾದರೂ ತೀರಿಕೊಂಡರೂ ಅಷ್ಟೇ. ಅಳುವುದಕ್ಕಿಂತ ಮೊದಲು ಯಾರಾದರೊಬ್ಬರು "ಮಾರಿ ಮುಚ್ರಿ" ಎನ್ನುತ್ತಿದ್ದರು. ಹೊದಿಕೆ ಬಂದ ಮೇಲೆಯೇ ಉಳಿದದ್ದು. ಸತ್ತವರ ಮರ್ಯಾದೆ ಕಾಯುವುದು ಅಂದರೆ ಅವರ ಮುಖ ಮುಚ್ಚುವುದು ಎಂದೇ ನಾನು ಬೆಳೆದೆ.

ಇದು ಎರಡು ವರ್ಷದ ಹಿಂದಿನ ಮಾತು. ಮರುದಿನ ಕುರನೂರಿನಲ್ಲಿ ತಂಗಿಯ ಹೊಸ ಮನೆಯ ವಾಸ್ತುಶಾಂತಿ. ಚಾದರಕ್ಕೇ ಹೆಸರಾದ ಸೋಲಾಪುರದಲ್ಲಿ ಕೆಲಸ ಮಾಡುವವನು ಆಯೇರಿಗೆ, ಉಡುಗೊರೆಗೆ, ಒಂದು ಚಾದರ ತರಲಿಲ್ಲ ಎಂದರೆ ಬೀಗರು ಸುಮ್ಮನಿರುತ್ತಾರೆಯೇ? ಕಚೇರಿ ಬಿಟ್ಟವನೇ ಅಂಗಡಿಗೆ ಹೋಗಿ ಕೆಂಪು ಅಂಚಿನ, ಒಳ್ಳೆಯ ದಪ್ಪ ಚಾದರವೊಂದನ್ನು ಆರಿಸಿ ಕಟ್ಟಿಸಿಕೊಂಡು, ಐದರ ಬಸ್ಸು ಹತ್ತಿದೆ. ವಳಸಂಗ ದಾಟಿ ಸ್ವಲ್ಪ ದೂರ ಬಂದಿರಬೇಕು, ಡ್ರೈವರ್ ಬ್ರೇಕ್ ಹಾಕಿದ.

ಮುಂದೆ ರಸ್ತೆಯ ಮೇಲೆ ಒಬ್ಬ ಮನುಷ್ಯ ಬಿದ್ದಿದ್ದ. ಮೋಟರ್‌ಸೈಕಲ್ಲು ಅತ್ತ ತಗ್ಗಿಗೆ ಹೋಗಿತ್ತು. ಹೊಡೆದ ಗಾಡಿ ನಿಂತಿರಲಿಲ್ಲ. ಅವನು ಹಿಂದಿನ ಸೀಟಿಗೆ ಹೊಸ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕಟ್ಟಿಕೊಂಡು ಹೊರಟಿದ್ದನೆಂದು ಕಾಣುತ್ತದೆ, ಆ ನೀಲಿ ಕುರ್ಚಿಗೆ ಒಂದು ಗೀರೂ ಬಿದ್ದಿರಲಿಲ್ಲ. ನಮ್ಮ ಬಸ್ಸಿಗಿಂತ ಮೊದಲೇ ಇಪ್ಪತ್ತು ಮೂವತ್ತು ಜನ ಸುತ್ತಲೂ ನಿಂತಿದ್ದರು. ರಸ್ತೆ ಅರ್ಧ ಮುಚ್ಚಿಹೋಗಿತ್ತು. ನಮ್ಮವರೂ ಇಳಿದರು. ಸೊಂಟ ನೋವಿನವರು, ಮೊಣಕಾಲು ನೋವಿನವರು, ಎಲ್ಲರೂ ಇಳಿದರು.

ನಾನು ಇಳಿಯಬಾರದೆಂದೇ ಕೂತಿದ್ದೆ. ಕಿಟಕಿಯಿಂದ ಕಂಡದ್ದಿಷ್ಟು. ಇಬ್ಬರು ಕೈ ಮೇಲೆತ್ತಿ ಮೊಬೈಲಿನಲ್ಲಿ ಶೂಟಿಂಗ್ ಮಾಡುತ್ತಿದ್ದರು. ಒಬ್ಬ ಹೆಲ್ಮೆಟ್ಟಿನ ಬಗ್ಗೆ ಭಾಷಣ ಮಾಡುತ್ತಿದ್ದ. ಇನ್ನೊಬ್ಬ, ದಪ್ಪ ಮೀಸೆಯವನು, ಆ ನೀಲಿ ಕುರ್ಚಿಯನ್ನು ನೆಟ್ಟಗೆ ಮಾಡಿ, ಧೂಳು ಕೊಡವಿ, ಅದರ ಮೇಲೆ ಕೂತೇಬಿಟ್ಟ! ಬಿದ್ದವನ ಕುರ್ಚಿ, ಬಿದ್ದವನ ಪಕ್ಕದಲ್ಲಿ. ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, "ಹೌದಪಾ, ನನ್ನ ಕಣ್ಣ ಮುಂದನ ಬಿದ್ದಾನ." ಅದನ್ನು ನೋಡಿ ನನ್ನ ತಲೆ ಕೆಟ್ಟುಹೋಯಿತು. ಚಾದರದ ಕಟ್ಟು ಹಿಡಿದುಕೊಂಡೇ ಕೆಳಗಿಳಿದೆ.

"ಏನ್ ತಮಾಷಾ ನಡದದೇನ್ ಇಲ್ಲಿ?" ಎಂದು ಕೂಗಿದೆ. "ನಿಮ್ಮ ಮನ್ಯಾಗ ಯಾರೂ ಇಲ್ಲೇನು? ನಾಳೆ ನಿಮ್ಮವ್ರು ಬಿದ್ರ ಹಿಂಗ ಫೋಟೋ ಹೊಡಿತೀರೇನು?"

ಯಾರೋ ಹಿಂದಿನಿಂದ ಮರಾಠಿಯಲ್ಲಿ "ಗೇಲಾ" ಎಂದ. ಹೋದ, ಅಂತ. ಅಷ್ಟೇ. ಯಾರು ಅಂದರು, ತಾವೇ ನೋಡಿ ಅಂದರೋ ಬೇರೆಯವರಿಂದ ಕೇಳಿ ಅಂದರೋ, ನಾನು ವಿಚಾರಿಸಲಿಲ್ಲ. ಹೋದ ಮನುಷ್ಯನನ್ನು ಇವರೆಲ್ಲ ಕಣ್ಣಿನಿಂದ ಹರಿದು ತಿನ್ನುತ್ತಿದ್ದಾರೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕಟ್ಟಿನ ದಾರ ಹರಿದೆ. ಚಾದರ ಬಿಚ್ಚಿ ಝಾಡಿಸಿದೆ. ಮುಖ ಅತ್ತ ತಿರುಗಿಸಿಕೊಂಡು, ಅಪ್ಪ ಕಲಿಸಿದ ಹಾಗೆ, ಆ ಮನುಷ್ಯನ ಮೇಲೆ ನೆತ್ತಿಯಿಂದ ಪಾದದವರೆಗೆ ಹೊದಿಸಿದೆ. ನನ್ನ ಕಣ್ಣಿಗೆ ಬಿದ್ದದ್ದು ಅವನ ಒಂದು ಪಾದ ಮಾತ್ರ, ಅದರಲ್ಲಿ ಚಪ್ಪಲಿ ಹಾಗೇ ಇತ್ತು.

ಮೊಬೈಲುಗಳು ಕೆಳಗಿಳಿದವು. ಇಬ್ಬರು ಮೂವರು ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬರು ಹಿರಿಯರು, "ಛಲೋ ಮಾಡಿದ್ರಿ ಸಾಹೇಬ್ರ," ಎಂದರು. ಆ ಕ್ಷಣ ನನಗೆ ಹೆಮ್ಮೆ ಅನಿಸಿತು, ಸುಳ್ಳೇಕೆ ಹೇಳಲಿ. ಇಷ್ಟು ಜನರಲ್ಲಿ ನಾನೊಬ್ಬ ಮನುಷ್ಯ ಇದ್ದೇನೆ ಅನಿಸಿತು.

ಆಗ ನಡೆದ ಇನ್ನೊಂದು ಸಂಗತಿ ನನಗೆ ಆಮೇಲೆ ಅರ್ಥವಾಯಿತು. ನಮ್ಮ ಬಸ್ಸಿನ ಒಬ್ಬ ಹುಡುಗಿ, ಕಾಲೇಜಿನವಳು, ಆಂಬುಲೆನ್ಸಿಗೆ ಫೋನ್ ಹಚ್ಚುತ್ತಿದ್ದಳು. ಚಾದರ ಬಿದ್ದದ್ದು ನೋಡಿ ಅದನ್ನು ಕಟ್ ಮಾಡಿ ಪೊಲೀಸರಿಗೆ ಹಚ್ಚಿದಳು. "ಬಾಡಿ ಅದ ಸರ್, ಮುಚ್ಚ್ಯಾರ," ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು. ಇನ್ನು ಯಾರೂ ಮುಟ್ಟಬೇಡಿ, ಪಂಚನಾಮೆ ಆಗಬೇಕು ಎಂದು ಯಾರೋ ಹೇಳಿದರು. ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ನಮ್ಮ ಕಡೆ ಮುಖ ಮುಚ್ಚಿದ ಮೇಲೆ ಮುಗಿಯಿತು, ಸಂಬಂಧಪಟ್ಟವರು ಬಂದೇ ತೆಗೆಯಬೇಕು.

ನಾನು ಅಲ್ಲೇ ನಿಂತೆ. ನಿಂತೆ ಎಂದರೆ ಕಾವಲು ನಿಂತೆ. ಹೊಸದಾಗಿ ಬಂದ ಗಾಡಿಗಳವರು ಇಳಿದು ಬಂದು ಚಾದರದ ತುದಿ ಎತ್ತಲು ಬಗ್ಗುತ್ತಿದ್ದರು. ಇಬ್ಬರನ್ನು ಬಾಯಿಗೆ ಬಂದಂತೆ ಬೈದು ಓಡಿಸಿದೆ. ಮೂರನೆಯವನೊಬ್ಬ "ನೋಡ್ತೀನಿ ತಡೀರಿ, ನಮ್ಮೂರವ ಇದ್ರ?" ಎಂದ. "ಪೊಲೀಸ್ರು ಬಂದ ಮ್ಯಾಲ ನೋಡು, ನಡಿ," ಎಂದೆ. ಪೊಲೀಸರ ಸುಳಿವಿಲ್ಲ, ಇಪ್ಪತ್ತು ನಿಮಿಷ ಹೀಗೆ.

ಆಮೇಲೆ ಬಂದವಳು ಒಬ್ಬ ಮುದುಕಿ. ನಮ್ಮ ಬಸ್ಸಿನವಳೇ, ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕರಜಗಿಯ ಕಡೆಯ ಕುರಿ ಕಾಯುವ ಮಂದಿ. ಇಳಿಯುವುದಕ್ಕೇ ಆಕೆಗೆ ಅಷ್ಟು ಹೊತ್ತು ಹಿಡಿದಿತ್ತೋ, ಇಳಿಯುವ ಧೈರ್ಯವಾಗಿರಲಿಲ್ಲವೋ. ಜನರನ್ನು ಮೊಣಕೈಯಿಂದ ಸರಿಸುತ್ತ ಸೀದಾ ಚಾದರದ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತಳು.

"ಏ ಆಯಿ, ಏಳು! ನಿನಗೂ ನೋಡಬೇಕೇನು? ವಯಸ್ಸಿಗೆ ತಕ್ಕಂಗರೆ ಇರಬೇಕು!" ಎಂದೆ.

ಆಕೆ ತಲೆಯೆತ್ತಿದಳು. "ನನ್ನ ಮಗ ದಿನಾ ಇದೇ ಹಾದ್ಯಾಗ ಗಾಡಿ ಹೊಡಕೊಂಡು ಬರ್ತಾನ್ರಿ. ಮಾರಿ ನೋಡದ ಹೆಂಗ ಬಸ್ ಹತ್ತಲಿ? ನಿನ್ನ ಮಗ ಇದ್ರ ನೀ ಹತ್ತತಿದ್ದೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಚಾದರ ಎತ್ತಿದ್ದಳು. ನಾನು ಮುಖ ತಿರುಗಿಸಿದೆ. ಆಗಲೂ ತಿರುಗಿಸಿದೆ! "ನನ್ನವ ಅಲ್ಲ," ಎಂದು ಆಕೆ ಉಸಿರು ಬಿಟ್ಟದ್ದು ಕೇಳಿಸಿತು. ಇನ್ನು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಏನು ಮಾಡುತ್ತಿದ್ದಾಳೆ ಎಂದು ಓರೆಗಣ್ಣಿನಲ್ಲಿ ನೋಡಿದರೆ, ಬಗ್ಗಿ ತನ್ನ ಕೆನ್ನೆಯನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು, ಅವನ ಮುಖ ಆಕೆಯ ತಲೆಯ ಮರೆಯಲ್ಲಿತ್ತು. ಹುಟ್ಟಿದ ಕುರಿಮರಿ ಅಲುಗಾಡದಿದ್ದರೆ ಹೀಗೇ ನೋಡುತ್ತಾರಂತೆ.

"ಉಸರು ಅದ!" ಎಂದು ಚೀರಿದಳು. "ಕಣ್ಣ ತೆರದಾನ್ರೋ! ಜೀವಂತ ಇದ್ದವನ್ನ ಮುಚ್ಚೀರಲ್ಲ, ನಿಮ್ಮ ಬಾಯಾಗ ಮಣ್ಣ ಹಾಕ!"

ಮೊದಲು ಓಡಿಬಂದವನು ಯಾರು ಗೊತ್ತೇ? ಆ ಕುರ್ಚಿಯವನು, ದಪ್ಪ ಮೀಸೆಯವನು. ಮಂಡಿಯೂರಿ ಕೂತು ಬಿದ್ದವನ ತಲೆಗೆ ತನ್ನ ಟಾವೆಲ್ ಒತ್ತಿ ಹಿಡಿದ. ಶೂಟಿಂಗ್ ಮಾಡುತ್ತಿದ್ದವರಲ್ಲೊಬ್ಬ ನೀರು ತಂದ. ಕಾಲೇಜಿನ ಹುಡುಗಿ ಅಳುತ್ತಲೇ ಮತ್ತೆ ಫೋನ್ ಹಚ್ಚಿದಳು. ಹತ್ತು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಹತ್ತೇ ನಿಮಿಷ! ನಾನು ಕಾವಲು ನಿಂತದ್ದು ಇಪ್ಪತ್ತು. ಯಾರ ಮುಖಕ್ಕೆ ಉಗಿಯಬೇಕೆಂದು ಬಸ್ಸಿನಿಂದ ಇಳಿದಿದ್ದೆನೋ ಅವರೇ ಅವನನ್ನು ಎತ್ತಿ ಸ್ಟ್ರೆಚರಿನ ಮೇಲೆ ಇಟ್ಟರು. ನಾನು ಪಕ್ಕದಲ್ಲಿ ನಿಂತಿದ್ದೆ.

ಮರುದಿನ ಬೆಳಿಗ್ಗೆ ಅವನು ಸೋಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ಆಮೇಲೆ ಬಸ್ಸಿನವರಿಂದ ತಿಳಿಯಿತು. ನಾನು ಆ ಇಪ್ಪತ್ತು ನಿಮಿಷ ಹಾಳು ಮಾಡದಿದ್ದರೆ ಬದುಕುತ್ತಿದ್ದನೇ? ಗೊತ್ತಿಲ್ಲ. ಬದುಕುತ್ತಿರಲಿಲ್ಲ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಯಾರೂ ಹೇಳಲಿಲ್ಲ. ಅಪಘಾತದ ದಿನ ರಾತ್ರಿಯೇ ಮನೆಯಲ್ಲಿ ಹೆಂಡತಿ ಚಾದರ ಎಲ್ಲಿ ಎಂದು ಕೇಳಿದ್ದಳು. ರಸ್ತೆಯಲ್ಲಿ ಬಿದ್ದವನಿಗೆ ಹೊದಿಸಿದೆ ಎಂದೆ. "ಪುಣ್ಯದ ಕೆಲಸ ಮಾಡೀರಿ ಬಿಡ್ರಿ," ಎಂದಳು. ಅನ್ನದ ತಾಟು ಸರಿಸಿ ಎದ್ದುಬಿಟ್ಟೆ. ಯಾಕೆ ಸಿಟ್ಟು ಬಂತೆಂದು ಆಕೆಗೆ ಇವತ್ತಿಗೂ ಗೊತ್ತಿಲ್ಲ.

ನೋಡಲು ನಿಲ್ಲುವವರೆಲ್ಲ ದೇವರಂಥವರು ಎಂದು ನಾನು ಹೇಳಲು ಹೊರಟಿಲ್ಲ. ಮಗುವನ್ನು ಕಿಟಕಿಗೆ ಎತ್ತಿ ಹಿಡಿಯುವವರನ್ನು ಕಂಡರೆ ಈಗಲೂ ಹಲ್ಲು ಕಡಿಯುತ್ತೇನೆ. ಸಾವು ಬೇರೆಯವರ ಪಾಲಿಗೆ ಬಂತು, ಇವತ್ತಿಗೆ ನಾನು ಉಳಿದೆ ಎಂದು ಖಾತ್ರಿ ಮಾಡಿಕೊಳ್ಳಲು ನೋಡುವವರಿದ್ದಾರೆ. ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತು ಹೇಳಲು ನೋಡುವವರಿದ್ದಾರೆ. ಆದರೆ ನನ್ನವನಿರಬಹುದೇ ಎಂದು ಎದೆ ಹಿಡಿದುಕೊಂಡು ನೋಡುವವರೂ ಇದ್ದಾರಲ್ಲ, ಅವರನ್ನೂ ನಾನು ಒಂದೇ ಗುಂಪಿಗೆ ಸೇರಿಸಿ ಬೈದೆ. ಏನೂ ಇಲ್ಲದೆ ಬರೀ ಹುಚ್ಚು ಕುತೂಹಲಕ್ಕೆ ತುದಿ ಎತ್ತಲು ಬಂದ ಆ ಇಬ್ಬರಿದ್ದರಲ್ಲ, ಅವರನ್ನು ನಾನು ಬಿಟ್ಟಿದ್ದರೂ ಸಾಕಿತ್ತು. ಅವರಿಗೆ ಅವನ ಕಣ್ಣು ಕಾಣುತ್ತಿತ್ತು. ನನ್ನ ಮರ್ಯಾದೆ ಅವರ ಕೆಟ್ಟ ಚಟಕ್ಕಿಂತ ಕೇಡಾಯಿತು. ಅಪ್ಪನ ಮೇಲೂ ಸಿಟ್ಟು ಬರುತ್ತದೆ, ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ಗೊತ್ತಿದ್ದರೂ ಬರುತ್ತದೆ.

ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನತ್ತ ಬೆರಳು ಮಾಡಿ ತೋರಿಸುತ್ತಿದ್ದ. ಅವನ ಪಕ್ಕದಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ತಲೆಯ ಮೇಲೆ ಸೆರಗು. ಜೊತೆಗೆ ಆಕೆಯ ಮೈದುನ. ತೀರಿಕೊಂಡವನ ಹೆಂಡತಿ. ಮೂರು ದಿನದಿಂದ ಬಸ್ ಸ್ಟ್ಯಾಂಡಿಗೆ ಬಂದು, ಆ ದಿನ ಐದರ ಬಸ್ಸಿನಲ್ಲಿ ಯಾರು ಯಾರಿದ್ದರು ಎಂದು ಕೇಳಿ ಕೇಳಿ ಮಾತನಾಡಿಸುತ್ತಿದ್ದಾಳಂತೆ.

"ಅಣ್ಣಾರ, ನೀವು ಅವ್ರ ಬಾಜೂಕನ ನಿಂತಿದ್ರಂತ," ಎಂದಳು. "ಅವ್ರು ಏನಾರ ಅಂದ್ರೇನ್ರಿ?"

ಮೈದುನ ಹೇಳಿದ: "ಒಬ್ಬೊಬ್ರು ಒಂದೊಂದು ಹೇಳ್ತಾರ್ರಿ. ಒಬ್ರು ನೀರ ಬೇಡಿದ ಅಂತಾರ. ಒಬ್ರು ದೇವರ ಹೆಸರ ತಗೊಂಡ ಅಂತಾರ. ಇನ್ನೊಬ್ರು ಬಿದ್ದ ಕೂಡ್ಲೇ ಹೋಗಿದ್ದ ಅಂತಾರ. ವೈನಿಗಿ ಖರೇ ಬೇಕಾಗ್ಯದ."

ಥೂ, ಈ ಜನ! ಅಳುತ್ತ ಬಂದವಳಿಗೂ ಕಥೆ ಕಟ್ಟಿ ಹೇಳಿ ಕಳಿಸಿದ್ದರು. ನಾನೂ ಒಂದು ಕಟ್ಟಬಹುದಿತ್ತು. ನಿನ್ನ ಹೆಸರು ಹಿಡಿದು ಕರೆದನವ್ವ ಎಂದಿದ್ದರೆ ಆಕೆ ನನ್ನ ಕಾಲಿಗೆ ಬೀಳುತ್ತಿದ್ದಳೋ ಏನೋ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವತ್ತು ಮಾಡಿದ್ದು ಸಾಲದೇ? ಇದ್ದದ್ದು ಇದ್ದ ಹಾಗೆ ಹೇಳಿದೆ. ಗೇಲಾ ಎಂದು ಯಾರೋ ಅಂದದ್ದು, ಚಾದರ ನನ್ನದು, ಹೊದಿಸಿದವನು ನಾನು, ಎತ್ತಲು ಬಂದವರನ್ನು ಬೈದು ಕಳಿಸಿದವನೂ ನಾನು. ಇಪ್ಪತ್ತು ನಿಮಿಷ. ಆಮೇಲೆ ಕರಜಗಿಯ ಆಯಿ ಎತ್ತಿ ನೋಡಿದಾಗ ಉಸಿರಿತ್ತು, ಕಣ್ಣು ತೆರೆದಿದ್ದವು ಎಂದು ಆಕೆ ಅಂದಳು.

ಮೈದುನ ಎರಡು ಹೆಜ್ಜೆ ನನ್ನ ಕಡೆ ಬಂದ. ಹೊಡೆದರೆ ಹೊಡೆಯಲಿ ಎಂದು ನಿಂತಿದ್ದೆ. ಆಕೆ ಅವನ ತೋಳು ಹಿಡಿದು ತಡೆದಳು.

"ಅಂದ್ರ ಅಷ್ಟೂ ಹೊತ್ತು ಒಳಗ ಅವ್ರಿಗಿ ಎಚ್ಚರ ಇತ್ತೇನ್ರಿ?"

"ಗೊತ್ತಿಲ್ಲ ತಂಗಿ. ನಾ ಮಾರಿ ನೋಡಲಿಲ್ಲ."

"ಒಮ್ಮೆರೆ?"

"ಒಮ್ಮೆನೂ ಇಲ್ಲ."

ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಕಣ್ಣು ತಗ್ಗಿಸಿದವನು ನಾನು.

"ಅಷ್ಟ ಮಂದಿ ನೋಡಿದ್ರು," ಎಂದಳು. "ಚಾದರ ಹಾಕೂ ಮುಂದಾದ್ರೂ ನೀವು ಒಮ್ಮೆ ನೋಡಬಾರದಿತ್ತೇನ್ರಿ, ಅಣ್ಣಾರ?"